ಪಂಚೆಯಪ್ಪನ ಪಂಚೆ

ಈಚೆಗೆ ನನ್ನ ಮೊಮ್ಮಗಳು ಶಾಲೆಯವರ ಜೊತೆ ಹೋಗಿ ಆ ಹಾಳು ಗುಡಿಯನ್ನು ನೋಡಿಕೊಂಡು ಬಂದಳು. ಅಲ್ಲಿ ತಂತಿ ಬೇಲಿ ಇದೆಯಂತೆ, ಬೋರ್ಡು ಇದೆಯಂತೆ, ಒಳಗೆ ಒಂದು ಭವ್ಯವಾದ ಶಿಲ್ಪ ಇದೆಯಂತೆ. "ನಮ್ಮ ಹಿಂದಿನವರು ಎಷ್ಟು ಜೋಪಾನವಾಗಿ ಕಾಪಾಡಿಕೊಂಡು ಬಂದಿದಾರೆ ಅಜ್ಜಿ" ಎಂದು ಮೇಷ್ಟರು ಹೇಳಿಕೊಟ್ಟದ್ದನ್ನು ನನ್ನ ಮುಂದೆ ಒಪ್ಪಿಸಿದಳು. ನನಗೆ ಮೊದಲು ನಗು ಬಂತು, ಆಮೇಲೆ ಮೈ ಉರಿಯಿತು. ಆ ಹಿಂದಿನವರಲ್ಲಿ ನನ್ನ ಮಾವನವರೂ ಒಬ್ಬರು. ಅವರು ಕಾಪಾಡಿದ ಚಂದವನ್ನು ಕಣ್ಣಾರೆ ಕಂಡವಳು ನಾನು. ಮಗುವಿಗೆ ಹೇಳಿದರೆ ಮೇಷ್ಟರಿಗೆ ಹೋಗಿ ಹೇಳುತ್ತಾಳೆ. ಆದ್ದರಿಂದ ಬರೆದಿಡುತ್ತಿದ್ದೇನೆ.

ನಮ್ಮೂರು ನಂಜನಗೂಡಿಗೂ ತಿರುಮಕೂಡಲು ನರಸೀಪುರಕ್ಕೂ ನಡುವೆ, ಕಪಿಲೆಯ ದಂಡೆಯ ಮೇಲಿದೆ. ನಮ್ಮೂರು ಎಂದರೆ ನನ್ನ ಗಂಡನ ಊರು. ನಾನು ನರಸೀಪುರದವಳು. ನನ್ನ ತಂದೆ ಅಲ್ಲಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಗಂಡುಮಕ್ಕಳಿಲ್ಲದ ಬೇಸರಕ್ಕೆ ನನಗೇ ಓದು ಬರಹ ಕಲಿಸಿದರು. ಆಮೇಲೆ ಅದನ್ನು ಮುಚ್ಚಿಟ್ಟು ಪಟೇಲರ ಮನೆಗೆ ಕೊಟ್ಟರು. ಆ ಕಾಲದಲ್ಲಿ ಓದು ಬಂದ ಹುಡುಗಿ ಎಂದರೆ ಕಜ್ಜಿ ಬಂದ ಹಸುವಿನ ಹಾಗೆ, ಸಂತೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಮೈಸೂರಿನಲ್ಲಿ ಮಹಾರಾಜರು ಆಳುತ್ತಿದ್ದರು, ನಮ್ಮೂರಿನಲ್ಲಿ ನನ್ನ ಮಾವನವರು ಆಳುತ್ತಿದ್ದರು. ಮಹಾರಾಜರಿಗೆ ಆ ವಿಷಯ ಗೊತ್ತಿರಲಿಲ್ಲ, ಅಷ್ಟೆ.

ಊರಿನಿಂದ ಹೊಳೆಗೆ ಇಳಿಯುವ ದಾರಿಯಲ್ಲಿ, ನಮ್ಮ ಹಿತ್ತಿಲಿಗೆ ಕಾಣುವಷ್ಟು ಹತ್ತಿರದಲ್ಲಿ ಆ ಹಾಳು ಗುಡಿ. ಚಾವಣಿ ಅರ್ಧ ಬಿದ್ದುಹೋಗಿತ್ತು. ಒಳಗೆ ಆಳೆತ್ತರಕ್ಕಿಂತ ಎತ್ತರದ ಒಂದು ವಿಗ್ರಹ ನೆಟ್ಟಗೆ ನಿಂತಿತ್ತು. ತೋಳುಗಳು ತೊಡೆಯವರೆಗೆ ಇಳಿಬಿದ್ದಿದ್ದವು, ಮೂಗಿನ ತುದಿ ಮುರಿದಿತ್ತು, ಮೈಮೇಲೆ ನೂಲಿನೆಳೆಯೂ ಕೆತ್ತಿರಲಿಲ್ಲ. ಓದಿದವರಿಗೆ ಇಷ್ಟು ಹೇಳಿದರೆ ಸಾಕು, ಅದು ಜೈನರ ತೀರ್ಥಂಕರರ ವಿಗ್ರಹ. ನಮ್ಮೂರಿನವರಿಗೆ ಅದು ಗೊತ್ತಿರಲಿಲ್ಲ. ಅವರ ಪ್ರಕಾರ ಅವನು ಹಿಂದೆ ಒಬ್ಬ ರಾಜ. ಬೇಡಿದವರಿಗೆಲ್ಲ ಕೊಟ್ಟು ಕೊಟ್ಟು ಕೊನೆಗೆ ಉಟ್ಟ ಪಂಚೆಯನ್ನೂ ಬಿಚ್ಚಿ ಕೊಟ್ಟ. ಆಮೇಲೆ ಊರೊಳಕ್ಕೆ ಬರಲು ನಾಚಿಕೆಯಾಗಿ, ಯಾರಾದರೂ ಒಂದು ಪಂಚೆ ತರಲಿ ಎಂದು ಅಲ್ಲೇ ಕಾದು ನಿಂತ. ಯಾರೂ ತರಲಿಲ್ಲ. ನಿಂತು ನಿಂತು ಕಲ್ಲಾದ, ಊರಿನವರ ಬಾಯಲ್ಲಿ ಪಂಚೆಯಪ್ಪನಾದ. ಈ ಕಥೆಯಲ್ಲಿ 'ಯಾರೂ ತರಲಿಲ್ಲ' ಎನ್ನುವ ಮಾತೊಂದನ್ನು ಮಾತ್ರ ನಾನು ನಂಬುತ್ತೇನೆ. ಅದು ನಮ್ಮೂರಿನ ಸ್ವಭಾವಕ್ಕೆ ಸರಿಯಾಗಿದೆ.

ಆ ತಪ್ಪನ್ನು ತೀರಿಸುವುದಕ್ಕೆ ಒಂದು ಪದ್ಧತಿ ಬೆಳೆದಿತ್ತು. ಯಾರ ಮನೆಯಲ್ಲಿ ಮದುವೆಯಾಗಲಿ, ಮದುಮಗ ತಾನು ಹೊಸ ಪಂಚೆ ಉಡುವ ಮೊದಲು ಪಂಚೆಯಪ್ಪನಿಗೆ ಒಂದು ಹೊಸ ಪಂಚೆ ಉಡಿಸಬೇಕು. ಅವನನ್ನು ಬೆತ್ತಲೆ ಬಿಟ್ಟು ತಾನು ಉಟ್ಟರೆ ಆ ಮನೆಯ ಮಾನ ಉಳಿಯುವುದಿಲ್ಲ ಎಂದು ನಂಬಿಕೆ. ಸುತ್ತಲ ಹಳ್ಳಿಗಳವರೂ ಬರುತ್ತಿದ್ದರು. ಹದಿನಾರು ಎಂಬ ಊರಿನಿಂದ ಗಾಡಿ ಕಟ್ಟಿಕೊಂಡು ಬಂದು ಉಡಿಸಿ ಹೋದವರನ್ನು ನಾನೇ ನೋಡಿದ್ದೇನೆ. ಆದರೆ ಉಡಿಸುವ ಕೈ ಮದುಮಗನದಲ್ಲ. ಅದು ಊರ ಅಗಸರ ಮನೆತನದ ಹಕ್ಕು. ಹೊಸದನ್ನು ಉಡಿಸುವವರೂ ಅವರೇ, ಮೈಮೇಲಿಂದ ಬಿಚ್ಚಿದ ಹಳೆಯದು ಸೇರುವುದೂ ಅವರಿಗೇ. ಬೇರೆ ಯಾರೂ ಅವನ ಸೊಂಟಕ್ಕೆ ಕೈ ಹಾಕುವಂತಿಲ್ಲ.

ನಾನು ಮದುವೆಯಾಗಿ ಬಂದಾಗ ಆ ಮನೆತನದಲ್ಲಿ ಉಳಿದಿದ್ದವಳು ಒಬ್ಬಳೇ ಮುದುಕಿ. ಗಂಡ ತೀರಿಕೊಂಡಿದ್ದ, ಮಕ್ಕಳಾಗಿರಲಿಲ್ಲ. ನಂಜನಗೂಡಿನಲ್ಲಿ ಅಕ್ಕನ ಮಗಳೊಬ್ಬಳಿದ್ದಳು. ಗುಡಿಯ ಗೋಡೆಗೆ ಒರಗಿಸಿ ಕಟ್ಟಿದ ಗುಡಿಸಲು ಅವಳದು, ಅವಳ ಅತ್ತೆಯ ಅತ್ತೆಯ ಕಾಲದ್ದು. ಅವಳ ಒಲೆಯ ಹಿಂದಿನ ಗೋಡೆ ಎಂದರೆ ಗುಡಿಯ ಗೋಡೆಯೇ. ಮದುವೆಗಳಿಲ್ಲದ ತಿಂಗಳಲ್ಲಿ ಇದ್ದ ಪಂಚೆಯನ್ನೇ ಬಿಚ್ಚಿ ಹೊಳೆಯಲ್ಲಿ ಒಗೆದು, ಅದು ಒಣಗುವವರೆಗೂ ತನ್ನ ಹಳೇ ಸೀರೆಯೊಂದನ್ನು ಅವನಿಗೆ ಅಡ್ಡ ಹಿಡಿಯುತ್ತಿದ್ದಳು. ನಮ್ಮ ಬಟ್ಟೆಗಳನ್ನು ಬಂಡೆಗೆ ಬಡಿಯುವುದನ್ನು ಕಂಡರೆ ಯಾವ ಜನ್ಮದ ಸಿಟ್ಟೋ ಎನ್ನಿಸುತ್ತಿತ್ತು. ಅವನದನ್ನು ಮಾತ್ರ ಕೈಯಲ್ಲೇ ಕಿವುಚುತ್ತಿದ್ದಳು.

"ಅವನ್ದು ಬಡಿಯಾಕಿಲ್ಲ ಕಣವ್ವಾ. ಅವನ್ ತಾವ ಇನ್ನೊಂದಿದ್ದದಾ? ಅರದೋದ್ರೆ ಪಾಪ, ಏನ್ ಮಾಡಾನು?" ಎಂದು ಒಮ್ಮೆ ನನಗೆ ಹೇಳಿದ್ದಳು. ಊರಿನಲ್ಲಿ ನನಗೆ ಇಷ್ಟವಾದ ಮೊದಲ ಮನುಷ್ಯಳು ಅವಳು. ಕೊನೆಯವಳೂ ಇರಬಹುದು.

ಹೀಗಿರುವಾಗ ಮೈಸೂರಿನಿಂದ ಒಬ್ಬ ಅಧಿಕಾರಿ ಬಂದರು. ಹಳೆಯ ಕಲ್ಲುಗಳನ್ನು ಹುಡುಕಿ ಕಾಪಾಡುವ ಕೆಲಸ ಅವರದು. ನಮ್ಮೂರಿನ ಬಾಯಲ್ಲಿ ಅವರು ಕಲ್ಲುಸಾಹೇಬರಾದರು. ಜರಿ ಪೇಟ, ಮುಚ್ಚುಕೋಟು, ಬೂಟ್ಸು, ಕನ್ನಡಕ. ಹಿಂದೆ ಕೊಡೆ ಹಿಡಿಯಲು ಒಬ್ಬ ಜವಾನ, ಬರೆದುಕೊಳ್ಳಲು ಒಬ್ಬ ಗುಮಾಸ್ತ. ಗುಡಿಯೊಳಗೆ ಹೋದವರು ಪಂಚೆಯಪ್ಪನನ್ನು ಕಂಡು "ಆಹಾ" ಎಂದರು. ಆಮೇಲೆ ಪಂಚೆಯನ್ನು ಕಂಡು "ಛೆ" ಎಂದರು. ಎಣ್ಣೆ, ಅರಿಶಿನ, ಗುಡಿಸಲಿನ ಹೊಗೆಯಿಂದ ಕಪ್ಪಾದ ಗೋಡೆ, ಎಲ್ಲವನ್ನೂ ನೋಡಿ ತಲೆ ಚಚ್ಚಿಕೊಂಡರು. ಜನ ಸೇರಿತ್ತು. ಹೆಂಗಸರು ಮರದ ಮರೆಯಲ್ಲಿದ್ದೆವು.

"ಇದು ನಿಮ್ಮ ಪಂಚೆಯಪ್ಪನೂ ಅಲ್ಲ, ಗಿಂಚೆಯಪ್ಪನೂ ಅಲ್ಲ. ಜೈನರ ತೀರ್ಥಂಕರ ಇವನು. ದಿಗಂಬರ. ಹಾಗೆಂದರೆ ದಿಕ್ಕೇ ಇವನಿಗೆ ಬಟ್ಟೆ, ತಿಳಿಯಿತೆ? ಎಲ್ಲವನ್ನೂ ಗೆದ್ದು ನಿಂತವನು. ನಾಚಿಕೆ ಇರುವುದು ಅವನಲ್ಲಲ್ಲ, ನೋಡುವ ಮೂಢರ ಕಣ್ಣಿನಲ್ಲಿ" ಎಂದು ಉಪನ್ಯಾಸ ಮಾಡಿದರು. ಮಾತೇನೋ ನಿಜ. ನಿಜವಾದ ಮಾತನ್ನು ಅಷ್ಟು ಅಸಹ್ಯವಾಗಿ ಹೇಳಿದ್ದನ್ನು ನಾನು ಮತ್ತೆ ಕೇಳಿಲ್ಲ. ಆ ಮಹಾನುಭಾವ ಎಲ್ಲವನ್ನೂ ಬಿಟ್ಟು ನಿಂತದ್ದು ಈ ಪೇಟದವರು ಜಂಬ ಕೊಚ್ಚಲಿ ಎಂದಲ್ಲ.

ಕೂಡಲೇ ಅಪ್ಪಣೆಯಾಯಿತು. ಗುಡಿಯ ಸುತ್ತ ಕಲ್ಲು ಕಂಬ ನೆಟ್ಟು ತಂತಿ ಬೇಲಿ ಹಾಕಬೇಕು, ಪಂಚೆ ತೆಗೆಯಬೇಕು, ಮತ್ತೆ ಉಡಿಸಕೂಡದು, ಗುಡಿಸಲು ಏಳಬೇಕು. ಮುದುಕಿ ಮುಂದೆ ಬಂದು ಕೈಮುಗಿದಳು.

"ಅವನ್ಗೇನೋ ದಿಕ್ಕೇ ಬಟ್ಟೆ ಅಂದ್ರಿ. ನಂಗೆ ದಿಕ್ಕು ಯಾರು ಸಾ?"

ಗುಮಾಸ್ತ ನಕ್ಕ. ಕಲ್ಲುಸಾಹೇಬರು ನನ್ನ ಮಾವನವರ ಕಡೆ ತಿರುಗಿದರು. ಆಗ ಮಾವನವರು ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು. 'ಇವಳ ಮನೆಯವರು ನಮ್ಮ ತಾತನ ಕಾಲದಿಂದ ಇಲ್ಲಿರುವವರು ಸ್ವಾಮಿ, ಗುಡಿಸಲನ್ನು ಬೇಲಿಯ ಪಕ್ಕಕ್ಕೆ ಸರಿಸೋಣ' ಎಂದಿದ್ದರೆ ಅವರ ಪಟೇಲಿಕೆ ಎಲ್ಲೂ ಓಡಿಹೋಗುತ್ತಿರಲಿಲ್ಲ. ಜಾಗಕ್ಕೇನು ಬರವೇ? ಹೊಳೆಯವರೆಗೂ ಬಯಲು. ಮಾವನವರು ಹೇಳಿದ್ದು ಇಷ್ಟು: "ಸರ್ಕಾರದ ಚಿತ್ತ, ಬುದ್ದಿ." ಕಲ್ಲುಸಾಹೇಬರು ಸಂತೋಷದಿಂದ ಅವರ ಕೈಕುಲುಕಿದರು. ಆ ಬಲಗೈಯನ್ನು ಮಾವನವರು ಮಧ್ಯಾಹ್ನ ಊಟಕ್ಕೆ ಕೂತಾಗಲೂ ತೊಳೆಯಲು ಹಿಂದೆಮುಂದೆ ನೋಡಿದರು. ನೀರು ಹಾಕಲು ಚೊಂಬು ಹಿಡಿದು ನಿಂತವಳು ನಾನೇ.

ಗುಡಿಸಲು ಕಿತ್ತವರು ಯಾರು ಎಂದುಕೊಂಡಿರಿ? ಮೈಸೂರಿನಿಂದ ಆಳು ಬಂದಿರಲಿಲ್ಲ. ನಮ್ಮೂರಿನ ಗಂಡಸರೇ. ಅವರಲ್ಲಿ ಅವಳ ಕೈಯಿಂದ ಪಂಚೆ ಉಡಿಸದೆ ಮದುವೆಯಾದವನು ಒಬ್ಬನೂ ಇರಲಿಲ್ಲ. ನನ್ನ ಗಂಡನೂ ಒಂದು ತೊಲೆ ಹೊತ್ತ. ಮನೆಯಲ್ಲಿ ನಾನು ಕೇಳಿದ್ದಕ್ಕೆ "ಅಪ್ಪ ಹೇಳಿದ ಮೇಲೆ ನಿಂದೇನು?" ಎಂದ. ಕಿತ್ತು ಮುಗಿದ ಸಂಜೆಯೇ ಗುಮಾಸ್ತ ಅಲ್ಲಿನ ಅರಳಿಮರಕ್ಕೆ ಒಂದು ತಗಡಿನ ಬೋರ್ಡು ಹೊಡೆದ. ಊರಿನಲ್ಲಿ ಅದನ್ನು ಓದಬಲ್ಲ ಹೆಂಗಸು ನಾನೊಬ್ಬಳೇ. ನೀರಿಗೆ ಹೋಗುವ ನೆಪದಲ್ಲಿ ಓದಿದೆ. 'ಇಲ್ಲಿರುವ ಪುರಾತನವಾದ ಯಾವುದನ್ನೂ ಯಾರೂ ಕೀಳತಕ್ಕದ್ದಲ್ಲ, ಕೆಡಿಸತಕ್ಕದ್ದಲ್ಲ' ಎಂದು ಬರೆದಿತ್ತು. ಬೋರ್ಡಿನ ಕೆಳಗೆ ಆ ಮುದುಕಿ ತನ್ನ ಮಡಕೆ ಕುಡಿಕೆ ಜೋಡಿಸಿಕೊಂಡು ಕೂತಿದ್ದಳು.

ನಮ್ಮ ಅತ್ತೆಯವರು ಅವಳನ್ನು ಕರೆತಂದು ನಮ್ಮ ಕೊಟ್ಟಿಗೆಯ ಮೂಲೆಯಲ್ಲಿ ಇರಿಸಿದರು. ಕರುಣೆ ಎಂದು ತಿಳಿಯಬೇಡಿ. ಶಾಪ ತಟ್ಟೀತು ಎಂಬ ಭಯ. ಮಾವನವರಿಗೆ ಅದೂ ಕಣ್ಣುಕಿಸುರು. ದಿನಾ ಬೆಳಗ್ಗೆ ಹಲ್ಲುಜ್ಜುವಾಗ "ಇವ್ಳನ್ನ ನಂಜನಗೂಡಿಗೆ ಸಾಗಾಕ್ರೋ" ಎಂದು ಗದರುತ್ತಿದ್ದರು. ಅವಳು ಹೋಗಲಿಲ್ಲ. ಕೆಲಸ ಮುಗಿಸಿ ಬೇಲಿಯ ಹೊರಗೆ ಹೋಗಿ ಕೂರುತ್ತಿದ್ದಳು. "ಈ ಕಡೆ ಮೂಲೆಲಿ ಒಂದು ಗುಡ್ಲು ಆಕ್ಕೊಂಡ್ರೆ ಸಾಕು ಕಣವ್ವಾ. ನನ್ ಕಣ್ಗೆ ಅವನು ಕಾಣ್ಬೇಕು, ಅವನ್ ಕಣ್ಗೆ ನಾನು" ಎನ್ನುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಕೇಳಬೇಕಾದವರ ಕಿವಿಗೆ ಅದು ಹೋಗಲಿಲ್ಲ. ಬೇಲಿಯ ಕಾವಲಿಗೆ ಮಾವನವರು ತಮ್ಮ ದಾಯಾದಿ ಒಬ್ಬನನ್ನು ನೇಮಿಸಿದ್ದರು. ಅವನು ಬೇಲಿಯ ಮೇಲೆ ತನ್ನ ಕಂಬಳಿ ಒಣಗಹಾಕಿ ಅರಳಿಕಟ್ಟೆಯಲ್ಲಿ ಗೊರಕೆ ಹೊಡೆಯುತ್ತಿದ್ದ.

ಊರಿನವರದು ಇನ್ನೊಂದು ಚಂದ. ಆ ವಿಗ್ರಹ ತಮ್ಮ ದೇವರಲ್ಲ ಎಂದು ಗೊತ್ತಾದದ್ದೇ, ಅಷ್ಟು ಕಾಲ ಕೈಮುಗಿದದ್ದು ಒಂದೇ ದಿನದಲ್ಲಿ ಮರೆತುಹೋಯಿತು. ಅವನ ಎದುರಿಗೆ ಉಗುಳಲು ಹೆದರುತ್ತಿದ್ದವರು ಅಲ್ಲೇ ಕೂತು ಎಲೆಯಡಿಕೆ ಉಗುಳಿದರು. ಅಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು. ಕೆಲವು ಗಂಡಸರು ನರಸೀಪುರದ ಪುರೋಹಿತರ ಬಳಿಗೆ ಹೋಗಿ, ಬೇರೆಯವರ ದೇವರಿಗೆ ಪಂಚೆ ಉಡಿಸಿ ಆದ ಮದುವೆ ಊರ್ಜಿತವೋ ಅಲ್ಲವೋ ಎಂದು ಕೇಳಿಕೊಂಡು ಬಂದರು. ಊರ್ಜಿತ ಎಂದು ಹೇಳಿಸಿಕೊಂಡು ಮುಖ ಇಳಿಬಿಟ್ಟುಕೊಂಡು ವಾಪಸಾದರು. ಅವರ ಹೆಂಡಂದಿರು ಅಂದು ಅವರಿಗೆ ಅನ್ನ ಹಾಕಿದರಲ್ಲ, ಅದು ನನಗೆ ಇಂದಿಗೂ ಆಶ್ಚರ್ಯ.

ದೀಪಾವಳಿ ಕಳೆದ ಮೇಲೆ ಒಂದು ಸುದ್ದಿ ಬಂತು. ಯಾರೋ ದೊಡ್ಡ ಇಂಗ್ಲಿಷ್ ದೊರೆಯ ಹೆಂಡತಿ, ದೊರೆಸಾನಿ, ನಂಜನಗೂಡಿನವರೆಗೆ ರೈಲಿನಲ್ಲಿ ಬಂದು ಅಲ್ಲಿಂದ ಸಾರೋಟಿನಲ್ಲಿ ನಮ್ಮ ಹಾಳು ಗುಡಿಯನ್ನು ನೋಡಲು ಬರುತ್ತಾಳಂತೆ. ಊರು ತೊಳೆದದ್ದೇನು, ತೋರಣ ಕಟ್ಟಿದ್ದೇನು! ಮಾವನವರು ಪೆಟ್ಟಿಗೆಯಿಂದ ಜರಿಯಂಚಿನ ಪಂಚೆ ತೆಗೆಸಿದರು. ಆ ಪಂಚೆ ಮದುವೆಗಳಲ್ಲೂ ಹೊರಗೆ ಬರುತ್ತಿರಲಿಲ್ಲ. ಕರೀ ಕೋಟು ತೊಟ್ಟು, ರುಮಾಲು ಸುತ್ತಿ, ಹೆಗಲಿಗೆ ಕಿರುವಲ್ಲಿ ಎನ್ನುವ ಒಂದು ತುಂಡು ವಸ್ತ್ರ ಹಾಕಿಕೊಂಡು ಹೊರಟರು. ಆರತಿ ತಟ್ಟೆ ಹಿಡಿಯಲು ನೋಡುವಂತಿರುವ ಸೊಸೆ ಬೇಕೆಂದು ನನ್ನನ್ನೂ ಕರೆದರು. ಆದ್ದರಿಂದಲೇ ಮುಂದಿನದನ್ನೆಲ್ಲ ಹತ್ತಿರದಿಂದ ನೋಡುವ ಭಾಗ್ಯ ನನ್ನದಾಯಿತು.

ಕಲ್ಲುಸಾಹೇಬರು ಮುಂಚಿತವಾಗಿಯೇ ಕುದುರೆಯ ಮೇಲೆ ಬಂದಿಳಿದರು. ಬೇಲಿ ಸರಿ, ಬೋರ್ಡು ಸರಿ, ನೆಲ ಗುಡಿಸಿದ್ದು ಸರಿ. ಆಮೇಲೆ ಗುಡಿಯ ಬಾಗಿಲಿಗೆ ಎದುರಾಗಿ ನಿಂತು ತಲೆಯೆತ್ತಿದರು. ಪಂಚೆಯಪ್ಪ ಬೆಳಗಿನ ಬಿಸಿಲಿನಲ್ಲಿ, ಎಣ್ಣೆ ಅರಿಶಿನ ಎಲ್ಲ ತಿಕ್ಕಿ ತೆಗೆದ ಮೈಯಲ್ಲಿ, ಇದ್ದ ಹಾಗೆ ನಿಂತಿದ್ದ. ಸಾಹೇಬರ ಮುಖದ ಬಣ್ಣ ಇಳಿಯಿತು.

"ಅಯ್ಯೋ. ದೊರೆಸಾನಿಯವರ ಎದುರಿಗೆ... ಹೀಗೆ..." ಎಂದು ಗುಮಾಸ್ತನ ತೋಳು ಹಿಡಿದುಕೊಂಡರು. "ಒಂದು ಬಟ್ಟೆ, ಬೇಗ. ಬಿಳೀದು. ಮಡಿಯಾದದ್ದು."

ನನ್ನ ಹೊಟ್ಟೆಯಲ್ಲಿ ನಗು ಕುದಿಯಿತು. ಎಲ್ಲಿ ಹೋಯಿತು ದಿಕ್ಕುಗಳ ಬಟ್ಟೆ? ಮೂಢರ ಕಣ್ಣು ಯಾರದಾಯಿತು? ತಟ್ಟೆ ಅಲುಗಾಡಿ ಆರತಿ ಆರಿಹೋಗದಂತೆ ಹಿಡಿದುಕೊಳ್ಳುವುದೇ ಕಷ್ಟವಾಯಿತು.

ಅಲ್ಲಿದ್ದ ಗಂಡಸರ ಪಂಚೆಗಳೆಲ್ಲ ಮಣ್ಣಿನ ಬಣ್ಣದವು. ಊರೊಳಗೆ ಓಡಿ ತರೋಣ ಎನ್ನುವಷ್ಟರಲ್ಲಿ ನಂಜನಗೂಡಿನ ದಾರಿಯಲ್ಲಿ ಧೂಳೆದ್ದಿತು. ಕಲ್ಲುಸಾಹೇಬರ ಕಣ್ಣು ಸುತ್ತ ಹುಡುಕಿ ಮಾವನವರ ಸೊಂಟದ ಮೇಲೆ ನಿಂತಿತು. "ಪಟೇಲರೇ, ನಿಮ್ಮದನ್ನೇ ಬಿಚ್ಚಿ. ಸರ್ಕಾರದ ಕೆಲಸ." ಮಾವನವರು ಬಾಯಿ ತೆರೆದರು. ಆದರೆ ಸರ್ಕಾರಕ್ಕೆ ಇಲ್ಲ ಎನ್ನುವ ಅಭ್ಯಾಸ ಆ ಬಾಯಿಗೆ ಇರಲಿಲ್ಲ. ಗುಡಿಯ ಹಿಂದೆ ಹೋಗಿ ಪಂಚೆ ಬಿಚ್ಚಿ ಕೊಟ್ಟರು. ಗುಡಿಸಲು ಇದ್ದ ಜಾಗದಲ್ಲಿಯೇ, ಹೊಗೆಯಿಂದ ಕಪ್ಪಾದ ಗೋಡೆಗೆ ಬೆನ್ನುಕೊಟ್ಟು, ಕಿರುವಲ್ಲಿಯನ್ನು ಸುತ್ತಿಕೊಂಡು ನಿಂತರು. ಕಿರುವಲ್ಲಿ ಮೊಳಕಾಲನ್ನೂ ಮುಟ್ಟುತ್ತಿರಲಿಲ್ಲ. ಮೇಲೆ ಕೋಟು, ರುಮಾಲು ಎಲ್ಲ ಇತ್ತು.

ಪಂಚೆ ಸಿಕ್ಕಿತು, ಉಡಿಸುವವರು ಯಾರು? ಗುಮಾಸ್ತ ಕೈ ಹಾಕಿದ, ಜಾರಿತು. ಕಾವಲಿನ ದಾಯಾದಿಯನ್ನು ಕರೆದರೆ "ನನ್ ಕೈಲಾಗಾಕಿಲ್ಲ ಸಾ, ಅದು ಅವ್ಳ ಅಕ್ಕು" ಎಂದು ಹಿಂದೆ ಸರಿದ. ಎಲ್ಲರೂ ಸರಿದರು. ದೇವರನ್ನು ಬಿಟ್ಟಿದ್ದರು, ಭಯವನ್ನು ಬಿಟ್ಟಿರಲಿಲ್ಲ. ಮುದುಕಿ ಬೇಲಿಯ ಹೊರಗೆ ತನ್ನ ಎಂದಿನ ಜಾಗದಲ್ಲಿ ಕೂತಿದ್ದಳು. ಕಲ್ಲುಸಾಹೇಬರೇ ಹೋಗಿ ಕರೆಯಬೇಕಾಯಿತು.

"ಉಡಿಸ್ತೀನಿ. ನನ್ ಗುಡ್ಲು?" ಎಂದಳು.

"ಆಗಲಮ್ಮ, ಆಗಲಿ. ನಾಳೆಯೇ ಕಟ್ಟಿಸೋಣ. ಬೇಗ ಬಾ."

"ಅವನ್ ಮುಂದೆ ಯೋಳಿ."

ಸಾರೋಟಿನ ಗಂಟೆ ಕೇಳುತ್ತಿತ್ತು. ಕಲ್ಲುಸಾಹೇಬರು ಒಳಗೆ ಓಡಿ, ವಿಗ್ರಹದ ಎದುರು ನಿಂತು, "ಇವಳ ಗುಡಿಸಲು ಕಟ್ಟಿಸಿಕೊಡುತ್ತೇನೆ" ಎಂದು ಕಲ್ಲಿಗೆ ಹೇಳಿದರು. ಊರೆಲ್ಲ ಕೇಳಿತು. ಮುದುಕಿ ಒಳಗೆ ಬಂದು, "ಇರಪ್ಪಾ ಇರು, ಬಂದೆ" ಎನ್ನುತ್ತ ಜರಿಯಂಚು ಮುಂದಕ್ಕೆ ಬರುವಂತೆ ನೆರಿಗೆ ಹಿಡಿದು ಉಡಿಸಿದಳು. ಅಷ್ಟು ತಿಂಗಳ ಮೇಲೆ ಅವನನ್ನು ಮುಟ್ಟಿದ್ದಳು. ನನ್ನ ನಗು ಹೋಯಿತು.

ದೊರೆಸಾನಿ ಇಳಿದಳು. ನಾನು ಆರತಿ ಎತ್ತಿದೆ. ಅವಳು ವಿಗ್ರಹವನ್ನು ನೋಡಿದ್ದಕ್ಕಿಂತ ಹೆಚ್ಚಾಗಿ ಚಾವಣಿಯ ಬಿರುಕಿನಲ್ಲಿದ್ದ ಗಿಳಿಗಳನ್ನು ನೋಡಿದಳು. ಹೊರಡುವಾಗ ಕೊಡೆಯ ತುದಿಯಿಂದ ಪಂಚೆಯನ್ನು ತೋರಿಸಿ ಏನೋ ಕೇಳಿದಳು. ಕಲ್ಲುಸಾಹೇಬರು ನಡು ಬಗ್ಗಿಸಿ ಏನೋ ಹೇಳಿದರು. ಸಾರೋಟು ದೂರವಾದ ಮೇಲೆ ಗುಮಾಸ್ತ ಅದನ್ನು ಜನರಿಗೆಲ್ಲ ಹೆಮ್ಮೆಯಿಂದ ಕನ್ನಡದಲ್ಲಿ ಹೇಳಿದ. ಇವನು ಯಾವಾಗಲೂ ಹೀಗೇ ಉಟ್ಟಿರುತ್ತಾನೆಯೇ ಎಂದು ದೊರೆಸಾನಿ ಕೇಳಿದರಂತೆ. 'ಪುರಾತನ ಕಾಲದಿಂದಲೂ ಇದೇ ಪದ್ಧತಿ, ಇದನ್ನು ಯಾರೂ ಮೀರುವಂತಿಲ್ಲ' ಎಂದು ಸಾಹೇಬರು ಹೇಳಿದರಂತೆ.

ಧೂಳು ಇಳಿಯಿತು. ಕಲ್ಲುಸಾಹೇಬರು ಕನ್ನಡಕ ಒರೆಸಿಕೊಂಡರು. "ಆಯಿತು. ಬಟ್ಟೆ ತೆಗೆಯಿರಿ. ಕೆತ್ತನೆ ಮರೆಯಾಗುತ್ತದೆ" ಎಂದರು.

"ನನ್ ಗುಡ್ಲು?" ಎಂದಳು ಮುದುಕಿ.

"ಅದೆಲ್ಲ ನನ್ನ ಕೈಯಲ್ಲಿಲ್ಲಮ್ಮ. ಬೇಲಿಯ ಹತ್ತಿರ ಒಲೆ ಹಚ್ಚಕೂಡದು ಎಂದು ನಿಯಮವಿದೆ. ಮೇಲಿನವರನ್ನು ಕೇಳಬೇಕು."

ಅವಳು ಸಾಹೇಬರನ್ನು ಒಂದು ಸಲ ನೋಡಿದಳು. ಆಮೇಲೆ ಊರಿನವರನ್ನು ನೋಡಿದಳು. ಅವರ ಎದುರಿಗೇ ಕೊಟ್ಟ ಮಾತು ಅದು. ಒಬ್ಬನಾದರೂ ಬಾಯಿ ಬಿಡಲಿ ಎಂದು ನಾನು ಕಾದೆ. ನನ್ನ ಗಂಡ ಕಾಲಬೆರಳಿನಿಂದ ಮಣ್ಣು ಕೆದಕುತ್ತಿದ್ದ. ನೆಲ ನೋಡದ ಗಂಡಸು ಅಲ್ಲಿ ಆ ಕಲ್ಲಿನವನೊಬ್ಬನೇ.

ಅವಳು ಗುಡಿಯೊಳಗೆ ಹೋಗಿ ನಿಧಾನವಾಗಿ ಗಂಟು ಬಿಚ್ಚಿದಳು. ಜರಿಯಂಚು ಒಳಕ್ಕೆ ಬರುವಂತೆ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡಳು. "ನಾನಿನ್ನು ಬರಾಕಿಲ್ಲ ಕಣಪ್ಪಾ. ನೀನು ಇಂಗೇ ಇರು. ನಿಂಗೆ ನಾಚ್ಕೆ ಇಲ್ವಂತೆ, ಒಳ್ಳೇದು. ಇವರ್ಗೂ ಇಲ್ಲ" ಎಂದು ಹೊರಗೆ ಬಂದಳು. ಹಿಂದಿನ ಗೋಡೆಯ ಮರೆಯಿಂದ ಮಾವನವರ ತಲೆ, ಆಮೇಲೆ ಒಂದು ಕೈ ಕಾಣಿಸಿತು.

"ಏಯ್, ಕೊಡಮ್ಮಿ ಇತ್ಲಾಗೆ" ಎಂದರು.

"ಏನ್ ಕೊಡ್ಲಿ ಪಟೇಲಪ್ಪಾ?"

"ನನ್ ಪಂಚೆ!"

"ಅವನ್ ಮೈಮ್ಯಾಗ್ಲಿಂದ ಬಿಚ್ಚಿದ್ದು ನಂದು. ನಿಮ್ಮ ಮದ್ವೇಲಿ ಉಡ್ಸಿದ್ದೂ ನಮ್ಮತ್ತೇನೆ, ಬಿಚ್ಚಿದ್ದ ತಕೊಂಡಿದ್ದೂ ನಮ್ಮತ್ತೇನೆ. ಆಗ ಕೇಳಿದ್ರಾ?"

ಮಾವನವರು ಸಾಹೇಬರ ಕಡೆ ನೋಡಿದರು. ಅಪ್ಪಣೆ ಮಾಡಿಸಿ ಎಂದು ಕಣ್ಣಿನಲ್ಲೇ ಬೇಡಿದರು. ಆದರೆ ಈ ಪದ್ಧತಿಯನ್ನು ಯಾರೂ ಮೀರುವಂತಿಲ್ಲ ಎಂದು ಸಾಹೇಬರೇ ದೊರೆಸಾನಿಗೆ ಹೇಳಿದ್ದನ್ನು ಗುಮಾಸ್ತ ಈಗತಾನೆ ಡಂಗುರ ಹೊಡೆದಿದ್ದ. ಸಾಹೇಬರು ಕೆಮ್ಮಿ ಕುದುರೆ ಹತ್ತಿದರು. ಊರಿನವರಲ್ಲಿ ಯಾವನೋ ಹಿಂದಿನಿಂದ "ಅದು ಅವ್ಳದೇ ಕಣ್ರಪ್ಪಾ" ಎಂದ. ಗುಡಿಸಲಿಗೆ ಬಾರದ ಬಾಯಿ ಹಳೇ ಪಂಚೆಗೆ ಬಂತು.

ಮುದುಕಿ ನಮ್ಮ ಕೊಟ್ಟಿಗೆಗೂ ಬರಲಿಲ್ಲ. ಮಡಕೆ ಕುಡಿಕೆಗಳನ್ನು ಅಲ್ಲೇ ಬಿಟ್ಟು, ಪಂಚೆಯೊಂದನ್ನು ಕಂಕುಳಲ್ಲಿ ಹಿಡಿದು, ನಂಜನಗೂಡಿನ ದಾರಿ ಹಿಡಿದಳು. ನಾನು ಕೂಗಿದೆ. ತಿರುಗಿ ನೋಡಿ ಕೈಯೆತ್ತಿದಳು, ನಿಲ್ಲಲಿಲ್ಲ. ಅವಳನ್ನು ನಾನು ಮತ್ತೆ ನೋಡಲಿಲ್ಲ.

ಮಾವನವರು ಮನೆಗೆ ಬರಬೇಕಾದರೆ ಊರ ನಡುವಿನ ಬೀದಿಯಲ್ಲೇ ಬರಬೇಕು. ಕರೀ ಕೋಟು, ರುಮಾಲು, ಸೊಂಟಕ್ಕೆ ಕಿರುವಲ್ಲಿ, ಕೆಳಗೆ ಬರೀ ಕಾಲು. ಮಕ್ಕಳು ಹಿಂದೆ ಬಂದರು. ಹೆಂಗಸರು ಮರ್ಯಾದೆಗೆ ಬಾಗಿಲ ಹಿಂದೆ ಸರಿದು ಸಂದಿಯಲ್ಲಿ ನೋಡಿದರು. ನಾನು ಆರತಿ ತಟ್ಟೆ ಹಿಡಿದು ಮುಂಚೆಯೇ ಬಂದು ನಮ್ಮ ಹೊಸ್ತಿಲಲ್ಲಿ ನಿಂತಿದ್ದೆ. ಆ ಮನೆಯ ಸೊಸೆ ಮಾವನ ಮುಖವನ್ನು ನೇರವಾಗಿ ನೋಡುವಂತಿರಲಿಲ್ಲ. ಅವರು ಎದುರಾದರೆ ಸೆರಗು ಮುಂದಕ್ಕೆಳೆದು ಗೋಡೆಯ ಕಡೆ ತಿರುಗಬೇಕು. ಬಂದಂದಿನಿಂದ ಹಾಗೆಯೇ ನಡೆದುಕೊಂಡಿದ್ದೆ.

"ಒಂದು ಪಂಚೆ ತತ್ತಾ" ಎಂದು ಹೊಸ್ತಿಲಲ್ಲಿ ನಿಂತು ಮಾವನವರು ನೆಲ ನೋಡುತ್ತ ಹೇಳಿದರು.

ನಾನು ಗೋಡೆಯ ಕಡೆ ತಿರುಗಲಿಲ್ಲ. ಒಳಗೂ ಹೋಗಲಿಲ್ಲ. ತಲೆಯಿಂದ ಕಾಲಿನವರೆಗೆ ಅವರನ್ನು ನೋಡುತ್ತ ಅಲ್ಲೇ ನಿಂತೆ.